ನರ್ಸಿಂಗ್ ಸೇರಲಾ ಚಿಕ್ಕಮ್ಮ?

ಮೇ 13, 2025, ಮಂಗಳವಾರ

ನಿನ್ನೆ ದಾದಿಯರ ದಿನ, ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿನ ನರ್ಸ್‌ಗಳ ಬಗ್ಗೆ ಹೊಸ ವರದಿಯನ್ನು ನಿನ್ನೆಯೇ ಹೊರತಂದಿದೆ. ಇವತ್ತು ಡ್ಯೂಟಿ ಮುಗಿಸಿ ಬಂದು ಅದನ್ನು ಓದುತ್ತಿದ್ದೆ. ಅಷ್ಟರಲ್ಲಿ ಅಕ್ಕನ ಮಗಳ ಫೋನು.

“ಚಿಕ್ಕಮ್ಮ, ನರ್ಸಿಂಗ್‌ಗೆ ಅರ್ಜಿ ಹಾಕ್ತಿದ್ದೀನಿ. ಎಲ್ಲಾ ಕಡೆ ನರ್ಸ್‌ಗಳು ಸಾಲ್ತಿಲ್ಲವಂತೆ. ಓದು ಮುಗಿದ ತಕ್ಷಣ ಕೆಲಸ ಗ್ಯಾರಂಟಿ ಅಲ್ವಾ?”

ತುಂಬಾ ಹೊತ್ತು ಮಾತಾಡಿದೆವು. ಆದರೂ ಹೇಳಬೇಕಾದದ್ದು ಉಳಿದುಕೊಂಡಿತು. ಅವಳ ಹಾಗೇ ಯೋಚಿಸುತ್ತಿರುವ ಮಕ್ಕಳು ಬೇಕಾದಷ್ಟು ಇದ್ದಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನರ್ಸ್‌ಗಳು ಸಾಲುತ್ತಿಲ್ಲ ಅನ್ನುವುದು ನಿಜ. ವರದಿಯ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ 2 ಕೋಟಿ 98 ಲಕ್ಷ ನರ್ಸ್‌ಗಳಿದ್ದರು. ಇನ್ನೂ 58 ಲಕ್ಷ ಜನ ಬೇಕಿತ್ತು. 2030ರ ಹೊತ್ತಿಗೆ ಈ ಕೊರತೆ 41 ಲಕ್ಷಕ್ಕೆ ಇಳಿಯಬಹುದು ಎಂದು ಅಂದಾಜು. ಆದರೆ ಇದು ಇಷ್ಟು ಜನರಿಗೆ ಇಷ್ಟು ನರ್ಸ್‌ಗಳು ಬೇಕು ಎಂದು ಹಾಕಿದ ಲೆಕ್ಕ. ಸಂಬಳಕ್ಕೆ ದುಡ್ಡು ಎತ್ತಿಟ್ಟು ಭರ್ತಿಗೆ ತೆರೆದ ಹುದ್ದೆಗಳ ಲೆಕ್ಕ ಬೇರೆಯೇ. ವಾರ್ಡಿನಲ್ಲಿ ಆರು ಮಂದಿ ಬೇಕಾದ ಕಡೆ ಮೂವರು ಓಡಾಡುತ್ತಿರುತ್ತಾರೆ. ಅದೇ ಹೊತ್ತಿಗೆ ಹೊರಗಡೆ ಓದು ಮುಗಿಸಿದವರು ಸರ್ಟಿಫಿಕೇಟ್ ಹಿಡಿದು ಕಾಯುತ್ತಿರುತ್ತಾರೆ. ಎರಡೂ ಒಟ್ಟಿಗೆ ನಡೆಯುತ್ತದೆ. ಬಡ ದೇಶಗಳಲ್ಲಿ ಇದು ಇನ್ನೂ ಜಾಸ್ತಿ. ಓದಿ ಬರುವವರು ಹೆಚ್ಚುತ್ತಿದ್ದಾರೆ, ಹುದ್ದೆಗಳು ಅದೇ ವೇಗದಲ್ಲಿ ಹೆಚ್ಚುತ್ತಿಲ್ಲ. ಈಗಲೂ ಜಗತ್ತಿನ ನರ್ಸ್‌ಗಳಲ್ಲಿ ಶೇ 78ರಷ್ಟು ಮಂದಿ ಇರುವುದು ಶೇ 49ರಷ್ಟು ಜನ ವಾಸಿಸುವ ದೇಶಗಳಲ್ಲಿ.

ಹಾಗಂತ ನಾನು ಅವಳಿಗೆ ಬೇಡ ಅನ್ನಲಿಲ್ಲ. ಸೇರು ಅಂದೆ. ಬರೀ ಗ್ಯಾರಂಟಿ ನಂಬಿಕೊಂಡು ಸೇರಬೇಡ ಅಂದೆ.

ಸೀಟು ಸಿಗುವುದೇ ಕಷ್ಟವಂತೆ, ಹೌದಾ ಅಂತ ಕೇಳಿದಳು. ಒಳ್ಳೆಯ ಕಡೆ ಕಷ್ಟವೇ. ಕಟ್ಟಡ ಕಟ್ಟಬಹುದು, ಬೆಂಚು ಹಾಕಬಹುದು, ಕಲಿಸುವವರು ಬೇಕಲ್ಲ? ಆಸ್ಪತ್ರೆಯಲ್ಲಿ ಜಾಗವೂ ಬೇಕು. ಒಬ್ಬ ರೋಗಿಯ ಸುತ್ತ ಹತ್ತು ವಿದ್ಯಾರ್ಥಿಗಳು ನಿಂತರೆ ಯಾರೂ ಏನೂ ಕಲಿಯುವುದಿಲ್ಲ, ರೋಗಿಗೂ ಹಿಂಸೆ. ಐರೋಪ್ಯ ಒಕ್ಕೂಟದ ನಿಯಮದಲ್ಲಿ ನರ್ಸಿಂಗ್ ತರಬೇತಿ ಕನಿಷ್ಠ 4,600 ಗಂಟೆ ಇರಬೇಕು. ಅದರಲ್ಲಿ ಕಡೇಪಕ್ಷ ಅರ್ಧ ಭಾಗ ಆಸ್ಪತ್ರೆಯ ಪ್ರಾಕ್ಟಿಕಲ್. ಈ ಕೆಲಸ ಕೈಗೆ ಹತ್ತುವುದು ವಾರ್ಡಿನಲ್ಲೇ. ಹಾಗಾಗಿ ಕಾಲೇಜು ನೋಡಲು ಹೋದಾಗ ಮೊದಲು ಕೇಳಬೇಕಾದದ್ದು, ಕ್ಲಿನಿಕಲ್ ಪೋಸ್ಟಿಂಗ್, ಅಂದರೆ ಆ ಪ್ರಾಕ್ಟಿಕಲ್, ಯಾವ ಆಸ್ಪತ್ರೆಯಲ್ಲಿ, ಅಲ್ಲಿ ಎಷ್ಟು ಹಾಸಿಗೆಗಳಿವೆ, ಒಬ್ಬ ಟೀಚರ್ ಜೊತೆ ಎಷ್ಟು ವಿದ್ಯಾರ್ಥಿಗಳು ಹೋಗುತ್ತಾರೆ ಅಂತ. ನರ್ಸಿಂಗ್ ಕೌನ್ಸಿಲ್ ಮಾನ್ಯತೆಯನ್ನು ಕೌನ್ಸಿಲ್‌ನ ಪಟ್ಟಿಯಲ್ಲೇ ನೋಡಿಕೊಳ್ಳಬೇಕು, ಕಾಲೇಜಿನ ಬೋರ್ಡಿನಲ್ಲಿ ಅಲ್ಲ. ಮಾನ್ಯತೆ ಇಲ್ಲದ ಕಡೆ ಓದಿದರೆ ರಿಜಿಸ್ಟ್ರೇಷನ್ ಆಗುವುದಿಲ್ಲ. ರಿಜಿಸ್ಟ್ರೇಷನ್ ಇಲ್ಲದವರು ನರ್ಸ್ ಆಗಿ ಕೆಲಸ ಮಾಡುವಂತಿಲ್ಲ.

ಜೀವಶಾಸ್ತ್ರ, ರಸಾಯನಶಾಸ್ತ್ರಕ್ಕೆ ಎಲ್ಲರೂ ತಯಾರಾಗುತ್ತಾರೆ. ಲೆಕ್ಕವನ್ನು ಕಡೆಗಣಿಸುತ್ತಾರೆ. ಡಾಕ್ಟರು 500 ಮಿಲಿಗ್ರಾಂ ಔಷಧ ಬರೆದಿರುತ್ತಾರೆ. ಬಾಟಲಿಯಲ್ಲಿ ಇರುವುದು 5 ಮಿಲಿಲೀಟರಿಗೆ 250 ಮಿಲಿಗ್ರಾಂ. ಎಷ್ಟು ತೆಗೆಯಬೇಕು? 10 ಮಿಲಿಲೀಟರ್. 1,000 ಮಿಲಿಲೀಟರ್ ಡ್ರಿಪ್ 8 ಗಂಟೆಯಲ್ಲಿ ಹೋಗಬೇಕು, ಒಂದು ಮಿಲಿಲೀಟರಿಗೆ 20 ಹನಿ ಬೀಳುವ ಸೆಟ್ ಇದೆ ಅಂದರೆ ನಿಮಿಷಕ್ಕೆ ಸುಮಾರು 42 ಹನಿ. ಇದನ್ನು ರಾತ್ರಿ ಮೂರು ಗಂಟೆಗೆ, ಪಕ್ಕದ ಹಾಸಿಗೆಯವರು ಕರೆಯುತ್ತಿರುವಾಗ, ತಪ್ಪಿಲ್ಲದೆ ಮಾಡಬೇಕು. ಈಗಿನಿಂದಲೇ ದಿನಾ ಐದು ಲೆಕ್ಕ ಮಾಡು ಅಂದಿದ್ದೇನೆ.

ಸಂದರ್ಶನದ ಬಗ್ಗೆಯೂ ಕೇಳಿದಳು. ಯಾಕೆ ನರ್ಸ್ ಆಗಬೇಕು ಅಂದರೆ ಎಲ್ಲರೂ “ಸೇವೆ ಮಾಡೋ ಆಸೆ” ಅನ್ನುತ್ತಾರೆ. ಸುಳ್ಳಲ್ಲ ಅದು. ಆದರೆ ಕೇಳುವವರಿಗೆ ಅದರಿಂದ ನಿನ್ನ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಕಾಯಿಲೆಯವರ ಪಕ್ಕ ಒಂದು ರಾತ್ರಿ ಕೂತಿದ್ದೀಯಾ? ಅಲ್ಲಿನ ಸಿಸ್ಟರ್ ಏನು ಮಾಡಿದರು, ಅದರಲ್ಲಿ ನಿನಗೆ ಏನು ಕಂಡಿತು? ಅದನ್ನು ನಿನ್ನ ಮಾತಿನಲ್ಲಿ ಹೇಳು.

ಇನ್ನೊಂದು ವಿಷಯ ಫೋನಿನಲ್ಲಿ ಹೇಳಲು ಮರೆಯದೆ ಹೇಳಿದ್ದು, ರಕ್ತದಿಂದ ಹರಡುವ ಯಕೃತ್ತಿನ ಸೋಂಕು ಹೆಪಟೈಟಿಸ್ ಬಿ, ಅದರ ಲಸಿಕೆ. ಸಾಮಾನ್ಯವಾಗಿ ಮೂರು ಡೋಸ್: ಮೊದಲನೆಯದು, ಅದಾಗಿ ಒಂದು ತಿಂಗಳಿಗೆ ಎರಡನೆಯದು, ಮೊದಲನೆಯದಾಗಿ ಆರು ತಿಂಗಳಿಗೆ ಮೂರನೆಯದು. ಚಿಕ್ಕಂದಿನಲ್ಲಿ ಹಾಕಿಸಿದ್ದರೆ ಆ ದಾಖಲೆ ಹುಡುಕಿಡಬೇಕು. ಹಾಕಿಸಿರದಿದ್ದರೆ ಈಗಲೇ ಶುರು ಮಾಡಬೇಕು. ವಾರ್ಡಿಗೆ ಹೋಗುವ ಮುಂಚೆ ಇದನ್ನು ಕೇಳುತ್ತಾರೆ.

ಹೊರದೇಶದ ಮಾತೂ ಬಂತು. ಜಗತ್ತಿನಲ್ಲಿ ಏಳು ನರ್ಸ್‌ಗಳಲ್ಲಿ ಒಬ್ಬರು ತಾವು ಹುಟ್ಟಿದ ದೇಶ ಬಿಟ್ಟು ಬೇರೆ ಕಡೆ ಇರುವವರು. ಹೋಗುವವರು ಹೋಗಲಿ. ಆದರೆ ಒಂದೊಂದು ದೇಶಕ್ಕೂ ಅದರದ್ದೇ ರಿಜಿಸ್ಟ್ರೇಷನ್, ಭಾಷೆಯ ಪರೀಕ್ಷೆ ಇರುತ್ತದೆ. ಅಮೆರಿಕಕ್ಕಾದರೆ ಎನ್‌ಕ್ಲೆಕ್ಸ್ ಎಂಬ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು. ಒಂದೆರಡು ವರ್ಷದ ಅನುಭವ ಕೇಳುವ ಕಡೆಗಳೂ ಬೇಕಾದಷ್ಟು. ಸಹಿ ಹಾಕುವ ಮುಂಚೆಯೇ ದೊಡ್ಡ ಮೊತ್ತ ಕೇಳುವ, ಒರಿಜಿನಲ್ ಸರ್ಟಿಫಿಕೇಟ್ ತನ್ನ ಬಳಿ ಇಟ್ಟುಕೊಳ್ಳುವ ಏಜೆಂಟರ ಹತ್ತಿರ ಹೋಗಲೇಬಾರದು.

ಅನುಭವದ ಮಾತು ಬಂದಾಗಲೇ ಹೊಸಬರಿಗೆ ಸಿಟ್ಟು ಬರುವುದು. ಕೆಲಸ ಕೊಡದೆ ಅನುಭವ ಎಲ್ಲಿಂದ ಬರುತ್ತದೆ? ಅವರ ಸಿಟ್ಟು ನ್ಯಾಯವಾದದ್ದೇ. ಹೊಸ ನರ್ಸ್ ಒಬ್ಬರೇ ವಾರ್ಡು ನೋಡಿಕೊಳ್ಳುವಂತಾಗಲು ತಿಂಗಳುಗಟ್ಟಲೆ ಬೇಕು. ಅಷ್ಟೂ ದಿನ ಹಳಬರೊಬ್ಬರು ಜೊತೆಗಿರಬೇಕು, ಆಸ್ಪತ್ರೆ ಎರಡು ಸಂಬಳ ಕೊಡಬೇಕು. ಆ ಖರ್ಚು ಉಳಿಸಲು ಕೆಲವು ಕಡೆ “ಎರಡು ವರ್ಷ ಅನುಭವ” ಅಂತ ಬರೆದುಬಿಡುತ್ತಾರೆ. ಇನ್ನು ಕೆಲವು ಕಡೆ ಹೊಸಬರನ್ನು ತೆಗೆದುಕೊಂಡು ಮೂರನೇ ದಿನಕ್ಕೇ ನೈಟ್ ಡ್ಯೂಟಿಗೆ ಒಬ್ಬರನ್ನೇ ಬಿಡುತ್ತಾರೆ. ನನಗೆ ಎರಡನೆಯದೇ ಹೆಚ್ಚು ಭಯ. ಒಳ್ಳೆಯ ಮಕ್ಕಳು ಮೊದಲ ವರ್ಷದಲ್ಲೇ ಬಿಟ್ಟು ಹೋಗುವುದನ್ನು ನೋಡಿದ್ದೇನೆ. ಅವರಿಗೆ ಕೆಲಸ ಬರುತ್ತಿರಲಿಲ್ಲ ಅಂತಲ್ಲ. ಅವರ ಜೊತೆ ಯಾರೂ ನಿಲ್ಲಲಿಲ್ಲ.

ಇದು ರೋಗಿಯ ಜೀವದ ಪ್ರಶ್ನೆಯೂ ಹೌದು. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳನ್ನು ನೋಡಿ ನರ್ಸಿಂಗ್ ಸಂಶೋಧಕಿ ಲಿಂಡಾ ಐಕನ್ ಮತ್ತು ಜೊತೆಯವರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳ ಸಂಖ್ಯೆ ಒಂದು ಹೆಚ್ಚಿದಂತೆಲ್ಲ, ಶಸ್ತ್ರಚಿಕಿತ್ಸೆ ಆದವರು 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಹೆಚ್ಚಿತ್ತು. ಕ್ಯಾಲಿಫೋರ್ನಿಯಾದಲ್ಲಿ 2004ರಿಂದ ಒಬ್ಬ ನರ್ಸ್‌ಗೆ ಇಷ್ಟೇ ರೋಗಿಗಳು ಎಂಬ ಮಿತಿ ಕಾನೂನಿನಿಂದಲೇ ಜಾರಿಯಲ್ಲಿದೆ. ಎಲ್ಲಾ ಕಡೆ ಇದು ಬರಬೇಕು ಅನ್ನುವುದು ನನ್ನ ಆಸೆ. ಬಂದರೆ ಹುದ್ದೆಗಳೂ ತಾನಾಗಿ ಹುಟ್ಟುತ್ತವೆ.

ಅಲ್ಲಿಯವರೆಗೆ ಹೊಸಬರು ಕೆಲಸ ಕೇಳಲು ಹೋದಾಗ ತಾವೂ ಪ್ರಶ್ನೆ ಕೇಳಬೇಕು. ಹಗಲಲ್ಲಿ ಒಬ್ಬರಿಗೆ ಎಷ್ಟು ರೋಗಿಗಳು, ರಾತ್ರಿ ಎಷ್ಟು? ಮೊದಲು ಎಷ್ಟು ವಾರ ಹಳಬರ ಜೊತೆ ಇರುತ್ತೇನೆ? ಇಷ್ಟು ದಿನ ಕೆಲಸ ಬಿಡುವಂತಿಲ್ಲ ಎಂಬ ಬಾಂಡ್ ಇದೆಯಾ, ಮಧ್ಯೆ ಬಿಟ್ಟರೆ ಏನು? ಹೋದ ವರ್ಷ ಸೇರಿದವರಲ್ಲಿ ಈಗ ಎಷ್ಟು ಜನ ಇದ್ದಾರೆ? ಕೊನೆಯ ಪ್ರಶ್ನೆಗೆ ಉತ್ತರ ಕೊಡಲು ಅವರು ತಡವರಿಸಿದರೆ, ಅದೇ ಆಸ್ಪತ್ರೆಯ ವಾರ್ಡಿನಲ್ಲಿರುವ ಯಾರಾದರೂ ಸಿಸ್ಟರ್ ಹತ್ತಿರ ಒಮ್ಮೆ ಮಾತಾಡಿ, ಆಮೇಲೆ ಸೇರುವುದೋ ಬಿಡುವುದೋ ನೋಡಬೇಕು. ಸಂಬಳ ಸ್ವಲ್ಪ ಕಡಿಮೆ ಇದ್ದರೂ ಚೆನ್ನಾಗಿ ಕಲಿಸುವ ಕಡೆ ಮೊದಲ ಎರಡು ವರ್ಷ ಕಳೆದರೆ ಮೂರನೇ ವರ್ಷಕ್ಕೆ ಐಸಿಯು, ಡಯಾಲಿಸಿಸ್, ಆಪರೇಷನ್ ಥಿಯೇಟರ್, ಎಲ್ಲಿಗೆ ಬೇಕಾದರೂ ಅರ್ಜಿ ಹಾಕಬಹುದು.