ಬೂದ್ಯಾನ ಅಂಗಾಲು

11 ಫೆಬ್ರವರಿ 2025, ಮಂಗಳವಾರ
ಕಲಬುರಗಿ

ಅಡುಗೆಮನೆಯ ಶಹಾಬಾದಿ ಫರ್ಸಿಯ ಮೇಲೆ ನಾಲ್ಕು ದಿನದಿಂದ ರಕ್ತದ ಬೊಟ್ಟು. ನಮ್ಮ ಬೆಕ್ಕು ಬೂದ್ಯಾ ಓಡಾಡಿದ ಕಡೆಯೆಲ್ಲ ಅದೇ. ಜಾಲಿಮುಳ್ಳು ನೆಟ್ಟಿರಬೇಕೆಂದು ಅವ್ವ ಅರಿಷಿಣ ಹಚ್ಚಿದಳು. ಇಲ್ಲೇ ಒಂದು ಕಡೆ ತೋರಿಸಿದರೆ ಅವರೂ ಮುಳ್ಳೆಂದೇ ಮುಲಾಮು ಕೊಟ್ಟರು.

ನಿನ್ನೆ ರಾತ್ರಿ ಅವನನ್ನು ತೊಡೆ ಮೇಲೆ ಮಲಗಿಸಿಕೊಂಡು ಟಾರ್ಚ್ ಬಿಟ್ಟು ನೋಡಿದೆ. ಪಾದದ ನಡುವಿನ ದೊಡ್ಡ ಮೆತ್ತೆ ನೇರಳೆ ಬಣ್ಣಕ್ಕೆ ತಿರುಗಿ ಊದಿತ್ತು, ಮೇಲೆ ಸಣ್ಣ ಬಿಳಿ ಗೆರೆಗಳು. ಒತ್ತಿದರೆ ಹಂಚಿನಿಂದ ಇಳಿಸಿದ ರೊಟ್ಟಿಯ ಹಾಗೆ ಮೆತ್ತಗೆ ಕುಸಿಯಿತು. ಒಂದಲ್ಲ, ನಾಲ್ಕೂ ಕಾಲು ಹಾಗೇ ಇದ್ದವು. ನಾಲ್ಕೂ ಕಾಲಿಗೆ ಒಮ್ಮೆಲೇ ಮುಳ್ಳು ನಡುತ್ತದೆಯೇ?

ನಸುಕಿನಲ್ಲೇ ಬುಟ್ಟಿಯಲ್ಲಿ ಕೂರಿಸಿ, ಟವೆಲ್ ಕಟ್ಟಿಕೊಂಡು, ಹುಮನಾಬಾದ್ ಮೇಲಿಂದ ಬೀದರಿನ ನಂದಿನಗರಕ್ಕೆ, ಪಶುವೈದ್ಯಕೀಯ ಕಾಲೇಜಿಗೆ ಹೋದೆವು. ಡಾಕ್ಟರು ಮೆತ್ತೆಗೆ ಸೂಜಿ ಚುಚ್ಚಿ ಗಾಜಿನ ಮೇಲೆ ಹಚ್ಚಿ ನೋಡಿದರು. ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕಣಗಳು ಅಲ್ಲಿ ಮುತ್ತಿಕೊಂಡಿದ್ದವಂತೆ. ದೇಹದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಅಂಗಾಲಿಗೆ ಗಂಟು ಬಿದ್ದಿದೆ. ಈ ಕಾಯಿಲೆ ಬಂದ ಬೆಕ್ಕುಗಳಲ್ಲಿ ಎಷ್ಟೋ ಬಾರಿ ರೋಗನಿರೋಧಕ ಶಕ್ತಿ ಕುಂದಿಸುವ ಎಫ್‌ಐವಿ ಎಂಬ ವೈರಸ್ಸೂ ಸಿಗುತ್ತದೆ, ಎಲ್ಲದರಲ್ಲೂ ಅಲ್ಲ. ಕಿಟ್ ಮೇಲೆ ಒಂದು ಹನಿ ರಕ್ತ ಹಾಕಿದರು. ಸ್ವಲ್ಪ ಹೊತ್ತಿಗೆ ಎಫ್‌ಐವಿ ಇದೆ ಎನ್ನುವ ಗೆರೆ ಮೂಡಿತು. ನನ್ನ ಕೈ ತಣ್ಣಗಾಯಿತು.

ಅವ್ವನಿಗೆ ಎಚ್‌ಐವಿ ಅಂತ ಕೇಳಿಸಿತು. "ಹುಡುಗ್ರು ಇದನ್ನ ಎತ್ತಿ ಆಡ್ಸತಾವಲ್ರಿ ಸಾಹೇಬ್ರ!" ಎಂದಳು.

"ಮನಷ್ಯಾರಿಗೆ ಬರಂಗಿಲ್ಲವ್ವ. ಹೆಚ್ಚಾಗಿ ಬೆಕ್ಕು ಬೆಕ್ಕು ಕಚ್ಚಾಡಿದ್ರ ಹರಡ್ತದ. ಹೊರಗ ಬಿಡಬ್ಯಾಡ್ರಿ, ಸಂತಾನಹರಣ ಆಪರೇಷನ್ ಮಾಡಸ್ರಿ. ಹಿಂಗಿದ್ದೂ ವರ್ಷಗಟ್ಟಲೆ ಚೆಂದಾಗಿ ಬದುಕ್ತಾವ."

ಆ ಮಾತು ಅವ್ವ ಕೇಳಿದ್ದು ಎಷ್ಟು ಒಳ್ಳೆಯದಾಯಿತು! ಈ ಹೆಸರು ಕೇಳಿಯೇ ಜನ ಬೆಕ್ಕನ್ನು ಚೀಲಕ್ಕೆ ಹಾಕಿ ಊರ ಹೊರಗೆ ಬಿಟ್ಟು ಬರುತ್ತಾರೆ. ನನಗದು ಸಹಿಸಲಾಗದ ಅನ್ಯಾಯ.

ಡಾಕ್ಸಿಸೈಕ್ಲಿನ್ ಗುಳಿಗೆ ಕೊಟ್ಟಿದ್ದಾರೆ. ಊತ ಇಳಿಯಲು ವಾರಗಳೇ ಬೇಕಂತೆ, ನಡುವೆ ನಿಲ್ಲಿಸಬಾರದು. ಮನೆಗೆ ಬಂದ ಕೂಡಲೇ ಅವ್ವ ಅದನ್ನು ಹಾಲಿನಲ್ಲಿ ಕರಗಿಸಲು ಹೊರಟಿದ್ದಳು, ಓಡಿಹೋಗಿ ತಡೆದೆ. ಹಾಲಿನ ಕ್ಯಾಲ್ಸಿಯಂ ಈ ಔಷಧ ಪೂರ್ತಿಯಾಗಿ ಮೈಗೆ ಹತ್ತಲು ಬಿಡುವುದಿಲ್ಲ. ಒಣ ಗುಳಿಗೆ ನುಂಗಿಸಿದರೂ ಕಷ್ಟ, ಅನ್ನನಾಳದಲ್ಲಿ ಸಿಕ್ಕಿ ಹುಣ್ಣಾಗಬಹುದು. ಹಿಂದೆಯೇ ಸಿರಿಂಜಿನಿಂದ ನೀರು ಕುಡಿಸಬೇಕು.

ರಾತ್ರಿ ಹಾಗೇ ಮಾಡಿದೆ. ಅರ್ಧ ನೀರು ನನ್ನ ಸೀರೆ ಮೇಲೆ ಚೆಲ್ಲಿತು, ಗುಳಿಗೆ ಮಾತ್ರ ಒಳಗೆ ಹೋಯಿತು. ಅವ್ವ ತನ್ನ ಹಳೆಯ ಕೌದಿ ತಂದು ಫರ್ಸಿಯ ಮೇಲೆ ಎರಡು ಮಡಿಕೆ ಹಾಸಿದಳು. ಬೂದ್ಯಾ ಅದರ ಮೇಲೆ ಒಂದೊಂದೇ ಕಾಲಿಟ್ಟು ನೋಡಿ, ಮಲಗಿದ.