ಹೊಗೆ ಇದ್ದಿದ್ರೆ ಗೊತ್ತಾಗ್ತಿತ್ತು

ಭಾನುವಾರದಿಂದ ಇದೊಂದು ಮಾತು ಕಿವಿಯಲ್ಲೇ ಕೂತುಬಿಟ್ಟಿದೆ. ಕ್ಲಿನಿಕ್ಕಿನ ಮಂಚದಲ್ಲಿ ಮಲಗಿದ್ದ ಅಮ್ಮ, ಆಕ್ಸಿಜನ್ ಮಾಸ್ಕನ್ನು ಸ್ವಲ್ಪ ಎತ್ತಿ ಹೇಳಿದ್ದು: "ಹೊಗೆ ಇದ್ದಿದ್ರೆ ಗೊತ್ತಾಗ್ತಿತ್ತು ಮಗಾ." ಬೈದದ್ದಲ್ಲ. ನನಗೆ ಸಮಾಧಾನ ಹೇಳಿದ್ದು. ಬೈದಿದ್ದರೆ ಒಳ್ಳೆಯದಿತ್ತು.

ಒಲೆ ತಂದದ್ದು ನಾನೇ. ಬ್ರಹ್ಮಾವರದ ಹತ್ತಿರದ ನಮ್ಮ ಮನೆಯಲ್ಲಿ ಗ್ಯಾಸ್ ಇಲ್ಲ ಅಂತಲ್ಲ. ಆದರೆ ಕುಚ್ಚಲಕ್ಕಿಯನ್ನು ಗ್ಯಾಸಿನಲ್ಲಿ ಬೇಯಿಸುವುದೆಂದರೆ ಅಮ್ಮನಿಗೆ ಸಂಕಟ. ಗಂಟೆಗಟ್ಟಲೆ ಕುದಿಯಬೇಕು. ಹಿತ್ತಲಲ್ಲಿ ಮಡಲು, ಗೆರಟೆ, ಸಿಪ್ಪೆ ಸುಮ್ನೆ ಬಿದ್ದಿರುವಾಗ ಸಿಲಿಂಡರಿಗೆ ದುಡ್ಡು ಯಾಕೆ ಸುರಿಯಬೇಕು ಅನ್ನುವುದು ಅವಳ ವಾದ. ಹಾಗಾಗಿ ಮದುವೆಯಾಗಿ ಬಂದಂದಿನಿಂದ ಊದುಕೊಳವೆ, ಕಣ್ಣೀರು, ಕೆಮ್ಮು. ನಾನು ಶಾಲೆಗೆ ಹೋಗುವಾಗ ಒಮ್ಮೆ ಅಸ್ತ್ರ ಒಲೆ ಬಂದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಮಾಡಿದ ಒಲೆ, ಹೊಗೆ ಹೊರಗೆ ಹೋಗಲು ಕೊಳವೆ ಇದ್ದದ್ದು. ಒಳ್ಳೆಯ ಒಲೆಯೇ. ಕೊಳವೆಯ ಮಸಿ ತೆಗೆಯುವವರಿಲ್ಲದೆ ಮೂರು ಮಳೆಗಾಲದಲ್ಲಿ ಅದರ ಕತೆ ಮುಗಿಯಿತು. ಮಸಿ ತೆಗೆಯಬೇಕಾಗಿದ್ದವರು ನಾವು ಗಂಡುಮಕ್ಕಳು.

ಈಗಿನದ್ದು ಕಬ್ಬಿಣದ್ದು. ಗಾಜಿನ ಬಾಗಿಲು, ಕೆಳಗೆ ಗಾಳಿ ಬಿಡುವ ಹಿಡಿ, ಗೋಡೆ ದಾಟಿ ಮೇಲೆ ಹೋಗುವ ಕೊಳವೆ. ಆ ಕೊಳವೆಯೊಳಗೆ ಅಡ್ಡ ತಿರುಗಿಸಿದರೆ ಹೊಗೆಯ ದಾರಿ ಮುಚ್ಚುವ ಒಂದು ತಗಡು. ಹೊರಗೆ ಅಯಸ್ಕಾಂತದಿಂದ ಅಂಟಿಕೊಂಡ ಮೀಟರ್. ಮುಳ್ಳು 115ರಿಂದ 245 ಡಿಗ್ರಿಯ ನಡುವೆ ಇದ್ದರೆ ಬೆಂಕಿ ಸರಿ ಉಂಟು ಅಂತ ಲೆಕ್ಕ. ಕೆಳಗಿಳಿದರೆ ಹೊಗೆ ಪೂರ್ತಿ ಸುಡದೆ ಕೊಳವೆಯೊಳಗೆ ಡಾಂಬರಿನ ಹಾಗೆ ಹಿಡಿಯುತ್ತದೆ. ಮೇಲೆ ಹೋದರೆ ಸೌದೆ ದಂಡ, ಕೊಳವೆಗೂ ಕೇಡು. ಸೌದೆಯಲ್ಲಿ ನೀರಿನಂಶ ನೂರಕ್ಕೆ 20 ದಾಟಬಾರದು. ನಮ್ಮ ಆಟಿಯ ಮಳೆಯಲ್ಲಿ ಇದು ಜೋಕು. ಕಳೆದ ಬೇಸಗೆಯಲ್ಲಿ ಅಟ್ಟಕ್ಕೇರಿಸಿದ್ದ ಗೇರಿನ ಸೌದೆ ಇದ್ದದ್ದಕ್ಕೆ ಬಚಾವ್.

ನಾನೊಂದು ನೋಟ್‌ಬುಕ್ ಇಟ್ಟಿದ್ದೆ. 6.10ಕ್ಕೆ 90 ಡಿಗ್ರಿ. 6.25ಕ್ಕೆ 140, ಎರಡು ಕೊಳ್ಳಿ ಹಾಕಿದ್ದು. ಅಮ್ಮ ಇಣುಕಿ ನೋಡಿ, "ಅನ್ನಕ್ಕೂ ಜಾತಕ ಬರೀತೀಯಾ ಮಾರಾಯ?" ಅಂದಿದ್ದಳು.

ಭಾನುವಾರ ಗಂಜಿ ಆಯಿತು. ಒಲೆಯಲ್ಲಿ ಜ್ವಾಲೆ ಇಲ್ಲ, ತುಂಬ ಕೆಂಡ. ಇಷ್ಟು ಬಿಸಿ ಸುಮ್ನೆ ಹೊರಗೆ ಹೋಗುತ್ತದಲ್ಲ, ಒಂದು ಹಂಡೆ ನೀರಾದರೂ ಕಾಯಲಿ ಅಂತ ಕೊಳವೆಯ ತಗಡನ್ನು ಅಡ್ಡ ತಿರುಗಿಸಿದೆ. ಹೊರಗೆ ಜಡಿಮಳೆ, ಎರಚಲು ಬೀಳುತ್ತದೆಂದು ಕಿಟಕಿಗಳೂ ಬಂದ್. ಅಮ್ಮ ಒಲೆಯ ಪಕ್ಕ ಮಣೆ ಹಾಕಿಕೊಂಡು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದಳು. ನಾನು ಜಗಲಿಗೆ ಬಂದು ಫೋನ್ ಹಿಡಿದು ಕೂತೆ.

ಮುಕ್ಕಾಲು ಗಂಟೆಯ ಮೇಲೆ ಒಳಗೆ ಹೋದರೆ ಅಮ್ಮ ಹಾಗೇ ಕೂತಿದ್ದಾಳೆ. ಮಡಿಲಲ್ಲಿ ಬೀಜ, ಕೈಯಲ್ಲಿ ಕತ್ತಿ, ಕೈ ಮಾತ್ರ ಆಡುತ್ತಿಲ್ಲ. "ಎಂತಾಯ್ತಮ್ಮಾ?" "ತಲೆ ಸಿಡೀತದೆ. ವಾಂತಿ ಬಂದ ಹಾಗೆ ಆಗ್ತದೆ." ನಾನು ಬಿಪಿ ಮಾತ್ರೆ ಹುಡುಕಲು ಹೊರಟೆ. ನನ್ನ ಬುದ್ಧಿ ನೋಡಿ. ಆಚೆಮನೆ ಅಕ್ಕ ಯಾವುದೋ ಕೆಲಸಕ್ಕೆ ಬಂದವರು, "ಮೊದಲು ಹೊರಗೆ ಕರ್ಕೊಂಡು ಬಾ" ಅಂತ ಗದರಿಸಿ ಬಾಗಿಲು, ಕಿಟಕಿ ಎಲ್ಲ ತೆರೆದರು. ಈ ಅಕ್ಕನನ್ನು ಬಾಯಿ ಜಾಸ್ತಿ ಅಂತ ನಾನು ಯಾವಾಗಲೂ ದೂರ ಇಡುತ್ತಿದ್ದೆ.

ಡಾಕ್ಟರು ಎರಡೇ ಪ್ರಶ್ನೆ ಕೇಳಿದರು. "ಒಳಗೆ ಕೆಂಡ ಇತ್ತಾ? ಕಿಟಕಿ ಹಾಕಿತ್ತಾ?" ಹೋಗುವ ದಾರಿ ಮುಚ್ಚಿದ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಕೋಣೆಗೆ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತಕ್ಕೆ ಆಕ್ಸಿಜನ್‌ಗಿಂತ 200 ಪಟ್ಟು ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ನನ್ನ ಮೀಟರಿನ ಮುಳ್ಳು ಆಗ 70ಕ್ಕೆ ಇಳಿದಿತ್ತು. ಅದನ್ನೂ ಬರೆದಿಟ್ಟಿದ್ದೆ.

ಹಳೆಯ ಮನೆಯಾಗಿದ್ದರೆ ಬಹುಶಃ ಹೀಗಾಗುತ್ತಿರಲಿಲ್ಲ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ನಮ್ಮ ಕಡೆಯ ಎಷ್ಟು ಅಡುಗೆಮನೆಗಳ ಹೊಗೆ ಆ ಹಂಚಿನ ಸಂದಿಯಲ್ಲೇ ಮೇಲೆ ಹೋಗಿದೆಯೋ. ನಾವು ಮಾಡು ಇಳಿಸಿ ತಾರಸಿ ಮಾಡಿಸಿದೆವು. ಅಲ್ಯುಮಿನಿಯಂ ಕಿಟಕಿ ಹಾಕಿಸಿದೆವು. ಅದೂ ಅಮ್ಮನಿಗೆ ಸುಖವಾಗಲಿ ಅಂತಲೇ.

ಹೊಗೆ ಇದ್ದಿದ್ರೆ ಗೊತ್ತಾಗ್ತಿತ್ತು. ಸತ್ಯವೇ. ಅಷ್ಟು ವರ್ಷ ಅವಳ ಕಣ್ಣು ಉರಿಸಿದ್ದು ಹೊಗೆಯೇ. ಉರಿ ತಡೆಯದಾದಾಗ ಅವಳನ್ನು ಅಂಗಳಕ್ಕೆ ಎಬ್ಬಿಸಿ ಕಳಿಸುತ್ತಿದ್ದದ್ದೂ ಅದೇ.

ದುಬೈಯಲ್ಲಿರುವ ತಮ್ಮ ಮನೆಯ ಗ್ರೂಪಿನಲ್ಲಿ, "ಇಂಡಕ್ಷನ್ ತೆಗೆಸಿಕೊಡು, ಮುಗೀತು" ಅಂತ ಬರೆದ. ಊರಿಗೆ ಬಂದಾಗ ಸೌದೆ ಒಲೆಯ ಗಂಜಿಯೇ ಬೇಕು ಅನ್ನುವವನು ಅವನೇ. ಹೇಳಲಿ ಬಿಡಿ, ನಾನೇನು ಕಮ್ಮಿ? ವಾರಕ್ಕೆ ಎರಡು ಸಲ ಮಂಗಳೂರಿನಿಂದ ಫೋನ್ ಮಾಡುತ್ತೇನೆ. "ಹೇಗಿದ್ದೀ?" "ಆರಾಮ ಉಂಟು." ಇಟ್ಟುಬಿಡುತ್ತೇನೆ. ಮೇ ತಿಂಗಳಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಿದ್ದಳಂತೆ. ಅದನ್ನು ಹೇಳಿದ್ದೂ ಆಚೆಮನೆ ಅಕ್ಕನೇ, ಕ್ಲಿನಿಕ್ಕಿನ ಬೆಂಚಿನಲ್ಲಿ ಕೂತು. ಎರಡು ತಿಂಗಳು ಅಮ್ಮನ ದನಿಯಲ್ಲಿ ಒಂದೆಳೆ ಹೊಗೆಯೂ ಕಂಡಿರಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಏಳುವ ಮೊದಲೇ ಒಲೆ ಹೊತ್ತಿಸಿದ್ದಳು. ಕೊಳವೆಯ ತಗಡಿನ ಹಿಡಿ ಅಲ್ಲಾಡದ ಹಾಗೆ, ತೆರೆದ ಕಡೆಗೇ ತಿರುಗಿಸಿ, ಒಂದು ತಂತಿಯಲ್ಲಿ ಬಿಗಿದು ಕಟ್ಟಿದ್ದಳು. ಕಿಟಕಿಯ ಸಂದಿಗೆ ಒಂದು ಗೆರಟೆ ಸಿಕ್ಕಿಸಿದ್ದಳು, ಪೂರ್ತಿ ಮುಚ್ಚದ ಹಾಗೆ. ಯಾವ ನೋಟ್‌ಬುಕ್ಕೂ ಇಲ್ಲ.

ನಾನು ಆನ್‌ಲೈನಿನಲ್ಲಿ ತರಿಸಿದ ಅಲಾರಂ ಗುರುವಾರ ಬಂತು. ಗಾಳಿಯಲ್ಲಿ ಆ ಅನಿಲ ಜಾಸ್ತಿಯಾದರೆ ಕೂಗುವಂಥದ್ದು. ಗೋಡೆಗೆ ಹಾಕಿದೆ. ಅಮ್ಮ ಕೆಳಗೆ ನಿಂತು ನೋಡಿದಳು.

"ಕೂಗ್ತದಾ ಇದು? ಒಮ್ಮೆ ಕೂಗಿಸು ನೋಡುವ."

ಗುಂಡಿ ಒತ್ತಿದೆ. ಅಟ್ಟದಲ್ಲಿ ಮಲಗಿದ್ದ ಬೆಕ್ಕು ಸೌದೆಯ ಮೇಲಿಂದ ಹಾರಿ ಅಂಗಳಕ್ಕೆ ಓಡಿತು.

"ಅಬ್ಬಾ, ಸಾಕು ಸಾಕು" ಅಂದಳು. ಮಣೆ ಎಳೆದುಕೊಂಡು, ಉಳಿದ ಹಲಸಿನ ಬೀಜದ ಮುಂದೆ ಕೂತಳು. ಈ ಸಲ ಬಾಗಿಲ ಹತ್ತಿರ.