ಕಬ್ಬಿಣ ತೊಟ್ಟ ಕಡಲ ಬಸವನಹುಳು

ಕ್ರೈಸೊಮ್ಯಾಲನ್ ಸ್ಕ್ವಾಮಿಫೆರಮ್ ಎಂಬ ಕಡಲ ಬಸವನಹುಳುವಿನ ಚಿಪ್ಪಿಗೆ ಮೂರು ಪದರ. ಹೊರಗೆ ಸುಮಾರು 30 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲೇ ಮೈಕ್ರಾನ್) ದಪ್ಪದ ಕಬ್ಬಿಣದ ಸಲ್ಫೈಡ್, ನಡುವೆ 150 ಮೈಕ್ರಾನಿನಷ್ಟು ಮೆತ್ತನೆಯ ಸಾವಯವ ಪದರ, ಒಳಗೆ 250 ಮೈಕ್ರಾನಿನ ಅರಗೊನೈಟ್ ಎಂಬ ಸುಣ್ಣದ ಖನಿಜ. ಪೆಟ್ಟು ಬಿದ್ದಾಗ ಬಿರುಕು ಒಳಗಿಳಿಯದಂತೆ ತಡೆಯುವುದರಲ್ಲಿ ನಡುವಿನ ಪದರದ ಪಾಲು ದೊಡ್ಡದು. ಹೆಸರು ಮಾತ್ರ ಕಬ್ಬಿಣಕ್ಕೆ! ಪಾದದ ಮೇಲೂ ಹೆಂಚು ಹೊದಿಸಿದಂತೆ ಗಟ್ಟಿ ಹುರುಪೆಗಳು. ಅವುಗಳಲ್ಲಿ ಗ್ರೈಗೈಟ್ ಎಂಬ ಕಬ್ಬಿಣದ ಸಲ್ಫೈಡ್ ಇರುವುದರಿಂದ ಅಯಸ್ಕಾಂತಕ್ಕೆ ಅಂಟುತ್ತವೆ.

ವಾಸ ಹಿಂದೂ ಮಹಾಸಾಗರದ ತಳದ ಬಿಸಿನೀರಿನ ಬುಗ್ಗೆಗಳ ಪಕ್ಕ, ಸುಮಾರು 2,400ರಿಂದ 2,900 ಮೀಟರ್ ಆಳದಲ್ಲಿ. ಮೊದಲು ಸಿಕ್ಕಿದ್ದು 2001ರಲ್ಲಿ, ಕೈರೈ ಬುಗ್ಗೆಗಳ ಬಳಿ. ಊಟ ಹುಡುಕುವ ಗೋಜಿಲ್ಲ, ಅನ್ನನಾಳದ ಗ್ರಂಥಿಯೊಳಗಿನ ಬ್ಯಾಕ್ಟೀರಿಯಾಗಳೇ ಸಾಕುತ್ತವೆ. ಅದೇ ಸಾಗರದ ಸಾಲಿಟೇರ್ ಬುಗ್ಗೆಗಳ ನೀರಲ್ಲಿ ಕಬ್ಬಿಣ ಕಡಿಮೆ. ಅಲ್ಲಿನವು ಬೆಳ್ಳಗಿವೆ, ಸಲ್ಫೈಡ್ ಕವಚವೇ ಇಲ್ಲ. ಕಪ್ಪು ಚಿಪ್ಪಿನವನ್ನು ಮೇಲೆ ತಂದು ಆಮ್ಲಜನಕ ತಾಗುವಂತೆ ಒದ್ದೆಯಾಗಿ ಬಿಟ್ಟರೆ ತುಕ್ಕು ಹಿಡಿಯುತ್ತದೆ.